ಬಾಲ ಅಲ್ಲಾಡಿಸುವ ಬೈಕು

ಕಾಂಪೌಂಡರ ಬೈಕಿಗೆ ಬಾಲ ಅಲ್ಲಾಡಿಸುವ ಚಟ ಹತ್ತಿ ಮೂರು ತಿಂಗಳಾಗಿತ್ತು. ಮುಂದಿನ ಚಕ್ರ ತನ್ನ ಪಾಡಿಗೆ ರಸ್ತೆ ಹಿಡಿದು ಹೋಗುತ್ತಿತ್ತು. ಹಿಂದಿನ ಚಕ್ರವೋ, ಒತ್ತಾಯಕ್ಕೆ ಹೊರಟ ನೆಂಟನ ಹಾಗೆ, ಬರುವುದೇನೋ ಬರುತ್ತಿತ್ತು, ಆದರೆ ಅಂಗಡಿ ಮುಂಗಟ್ಟು ನೋಡಿಕೊಂಡು ಅತ್ತಿತ್ತ ವಾಲಾಡುತ್ತ ಬರುತ್ತಿತ್ತು.

ಕ್ಲಿನಿಕ್ಕಿನಲ್ಲಿ ಮಾತ್ರೆ ಕಟ್ಟಿಕೊಡುವಾಗ ರೋಗಿಗಳಿಗೆಲ್ಲ "ಇಷ್ಟು ದಿನ ಯಾಕೆ ಸುಮ್ಮನಿದ್ರಿ? ಮೊದಲೇ ಬರಬಾರದಿತ್ತಾ?" ಎಂದು ಗದರುವುದು ಕಾಂಪೌಂಡರ ಅಭ್ಯಾಸ. ತಮ್ಮ ಬೈಕಿನ ವಿಷಯದಲ್ಲಿ ಮಾತ್ರ ಅವರೂ ಎಲ್ಲ ರೋಗಿಗಳಂತೆಯೇ. ತಾನಾಗಿ ವಾಸಿಯಾಗಬಹುದು ಎಂದುಕೊಂಡು ಸುಮ್ಮನಿದ್ದರು.

ಬುಧವಾರ ಬೆಳಿಗ್ಗೆ ಅದು ವಾಸಿಯಾಗುವುದಿಲ್ಲ ಎಂದು ಖಾತ್ರಿಯಾಯಿತು. ಹೆಂಡತಿ ಟೀಚರು. ದಿನಾ ಅವರನ್ನು ಶಾಲೆಗೆ ಬಿಟ್ಟು ಕಾಂಪೌಂಡರು ಕ್ಲಿನಿಕ್ಕಿಗೆ ಹೋಗುವುದು. ಆ ದಿನ ಶಾಲೆಯ ಗೇಟಿನ ಹತ್ತಿರ ತಿರುಗುವಾಗ ಬೈಕು ಜೋರಾಗಿ ಸೊಂಟ ಬಳುಕಿಸಿತು. ಕಾಂಪೌಂಡರು ಹ್ಯಾಂಡಲ್ ಹಿಡಿದುಕೊಂಡು ಬಚಾವಾದರು. ಟೀಚರಿಗೆ ಹಿಡಿದುಕೊಳ್ಳಲು ಕಾಂಪೌಂಡರನ್ನು ಬಿಟ್ಟರೆ ಬೇರೇನೂ ಇರಲಿಲ್ಲ, ಅವರೋ ನಂಬಿಕೆಗೆ ಅರ್ಹರಾಗಿರಲಿಲ್ಲ. ಟೀಚರು ಹೋಗಿ ಪಕ್ಕದ ಮರಳಿನ ಗುಡ್ಡೆಯಲ್ಲಿ ಕೂತರು.

ಪೆಟ್ಟೇನೂ ಆಗಲಿಲ್ಲ. ಆದರೆ ಐದನೇ ತರಗತಿಯ ನಲವತ್ತು ಮಕ್ಕಳು ಸಾಲಾಗಿ ನಿಂತು, ಮರಳಿನಲ್ಲಿ ಕೂತಿದ್ದ ಅವರಿಗೆ ರಾಗವಾಗಿ "ಗುಡ್ ಮಾರ್ನಿಂಗ್ ಟೀಚರ್" ಅಂದದ್ದು ಪೆಟ್ಟಿಗಿಂತ ಜೋರಾಗಿ ತಗುಲಿತು.

"ರೀ, ಇನ್ನು ನಾನು ಆ ಬೈಕ್ ಹತ್ತಲ್ಲ," ಎಂದರು ಸಂಜೆ. ಸಿಟ್ಟಿರಲಿಲ್ಲ. ಅದೇ ಕಾಂಪೌಂಡರಿಗೆ ಭಯ ಹುಟ್ಟಿಸಿದ್ದು. "ಅದನ್ನ ಯಾರಿಗಾದ್ರೂ ಕೊಟ್ಟು ಒಂದು ಸ್ಕೂಟರ್ ತನ್ನಿ. ಅಲ್ಲೀವರೆಗೆ ನಡ್ಕೊಂಡೇ ಹೋಗ್ತೀನಿ."

ಮರುದಿನ ಕ್ಲಿನಿಕ್ಕಿನ ಕಿಟಕಿಯಿಂದ ಕಾಂಪೌಂಡರು ನೋಡಿದರು. ಬಿಸಿಲಿನಲ್ಲಿ ಪರೀಕ್ಷೆಯ ಪೇಪರುಗಳ ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಹೆಂಡತಿ ರಸ್ತೆ ದಾಟುತ್ತಿದ್ದರು. ಶಾಲೆಯಿಂದ ಮನೆಗೆ ಮುಕ್ಕಾಲು ಗಂಟೆ ದಾರಿ. ಆ ಗಳಿಗೆಯಲ್ಲಿ ಎದುರಿಗಿದ್ದ ಕೆಮ್ಮಿನ ರೋಗಿಗೆ ಹೊಟ್ಟೆನೋವಿನ ಮಾತ್ರೆ ಕಟ್ಟಿಕೊಟ್ಟು, ಆಮೇಲೆ ಮೆಟ್ಟಿಲಿಳಿದು ಓಡಿಹೋಗಿ ವಾಪಸು ತಂದರು. ತಂದವರೇ ಒಂದು ಹಾಳೆಯಲ್ಲಿ "ಸುಸ್ಥಿತಿಯಲ್ಲಿರುವ ಬೈಕು ಕೊಡುವುದಿದೆ" ಎಂದು ಬರೆದು ಕ್ಲಿನಿಕ್ಕಿನ ಬಾಗಿಲಿಗೆ ಅಂಟಿಸಿದರು.

ಶನಿವಾರ ಸಂಜೆ ಫೋನು ಬಂತು. ಗಂಡಸಿನ ದಪ್ಪ ದನಿ.

"ನಿಮ್ಮ ಬೈಕ್ ನನಗೆ ಬೇಕು. ನನ್ನ ಹತ್ರ ಒಂದು ಸ್ಕೂಟರ್ ಇದೆ, ಬಂಗಾರದಂಥದ್ದು. ಒಪ್ಪಿಗೆ ಆದ್ರೆ ಅದಲುಬದಲು ಮಾಡ್ಕೊಳ್ಳೋಣ. ನಾಳೆ ನಾಲ್ಕು ಗಂಟೆಗೆ ಬಂದು ಒಂದು ಸಲ ಓಡಿಸಿ ನೋಡ್ತೀನಿ."

ಸ್ಕೂಟರ್ ಎಂದ ಕೂಡಲೇ ಟೀಚರ ಮುಖ ಅರಳಿತು. ಅದನ್ನು ವರಾಂಡದಲ್ಲಿ ಯಾವ ಮೂಲೆಗೆ ನಿಲ್ಲಿಸಬೇಕು ಎಂದು ಹೂಕುಂಡಗಳನ್ನು ಸರಿಸಿ ಜಾಗವನ್ನೂ ಮಾಡಿದರು. ಕಾಂಪೌಂಡರ ಕಿವಿಯಲ್ಲಿ ಮಾತ್ರ ಉಳಿದದ್ದು ಒಂದೇ ಮಾತು: ಓಡಿಸಿ ನೋಡ್ತೀನಿ. ಓಡಿಸಿದರೆ ಮುಗಿಯಿತಲ್ಲ!

ಭಾನುವಾರ ಎಂಟು ಗಂಟೆಗೆ ಕಾಂಪೌಂಡರು ಬೈಕಿನೆದುರು ಕುಕ್ಕರುಗಾಲಲ್ಲಿ ಕೂತು, ನಾಲಿಗೆ ತೋರಿಸು ಎನ್ನುವವರಂತೆ ಅದನ್ನೇ ದಿಟ್ಟಿಸುತ್ತಿದ್ದರು. ಮಹಡಿಯಿಂದ ಡ್ರೈವರ್ ಸಾಹೇಬರು ಇಳಿದು ಬಂದರು. ಬಸ್ ಓಡಿಸಿ ನಿವೃತ್ತರಾದವರು. ಕೈಯಲ್ಲಿ ಮೊಣಕೈಯುದ್ದದ ಒಂದು ಸ್ಪಾನರ್.

"ಏನು ಕಾಂಪೌಂಡ್ರೇ, ಗಾಡಿ ಅಲ್ಲಾಡುತ್ತಂತೆ? ನಾನು ಮೂವತ್ತು ವರ್ಷ ಬಸ್ ಓಡಿಸಿದ್ದೀನಿ."

"ಬೈಕ್ ಯಾವತ್ತಾದ್ರೂ ಓಡಿಸಿದ್ರಾ?"

"ಆರು ಚಕ್ರ ಗೊತ್ತಿರೋನಿಗೆ ಎರಡು ಯಾವ ಲೆಕ್ಕ? ಮೊದಲು ಗಾಳಿ ನೋಡಿ. ಗಾಳಿ ಸರಿ ಇಲ್ದಿದ್ರೆ ಯಾವ ಗಾಡಿನೂ ಮಾತು ಕೇಳಲ್ಲ."

ನೋಡಿದರೆ ಅದು ನಿಜವೇ. ಮುಂದಿನ ಚಕ್ರದಲ್ಲಿ ಗಾಳಿ ಜಾಸ್ತಿ, ಹಿಂದಿನದರಲ್ಲಿ ಅರ್ಧಕ್ಕರ್ಧ ಇಲ್ಲ. ಪಂಪು ಹೊಡೆದು ಹೊಡೆದು ಕಾಂಪೌಂಡರ ಮುಖ ಬೀಟ್‌ರೂಟಾಯಿತು. ಬೀದಿಯ ತುದಿವರೆಗೆ ಒಂದು ಸುತ್ತು ಹೋಗಿ ಬಂದರು.

"ಹೇಗಿದೆ?"

"ಮೊದಲು ಮೆತ್ತಗೆ ಅಲ್ಲಾಡ್ತಿತ್ತು. ಈಗ ಗಟ್ಟಿಯಾಗಿ ಅಲ್ಲಾಡ್ತಿದೆ."

ಅಷ್ಟರಲ್ಲಿ ಎದುರು ಮನೆಯ ಗಡಿಯಾರ ರಿಪೇರಿಯವರು, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ, ರಸ್ತೆ ದಾಟಿ ಬಂದರು. ಅವರು ಹಿಂದಿನ ಚಕ್ರದ ಎದುರು ಬೋರಲು ಮಲಗಿ, ಎರಡೂ ಬದಿಯ ಗುರುತುಗಳನ್ನು ಬಹಳ ಹೊತ್ತು ನೋಡಿದರು.

"ಚಕ್ರ ಓರೆ ಕೂತಿದೆ. ಚೈನ್ ಬಿಗಿ ಮಾಡುವಾಗ ಚಕ್ರವನ್ನ ಎಡಗಡೆ ಎರಡು ಗೆರೆ ಹಿಂದಕ್ಕೆ ಎಳೆದಿದ್ದಾರೆ, ಬಲಗಡೆ ಬರೀ ಒಂದು. ಹಿಂದಿನ ಚಕ್ರ ಎಡಗಡೆ ಮನೆಗೆ ಹೊರಟಿದೆ, ಮುಂದಿನದು ಆಫೀಸಿಗೆ."

"ಒಂದು ಗೆರೆಗೆ ಏನಾಗುತ್ತೆ ರೀ?" ಡ್ರೈವರ್ ಸಾಹೇಬರು ನಕ್ಕರು.

"ಗಡಿಯಾರದಲ್ಲಿ ಒಂದು ಗೆರೆ ಅಂದ್ರೆ ಒಂದು ನಿಮಿಷ ಸ್ವಾಮಿ. ನಿಮ್ಮ ಬಸ್ಸಿಗೆ ಒಂದು ಗಂಟೆನೂ ಲೆಕ್ಕ ಇರಲಿಲ್ಲ, ಬಿಡಿ."

ಅಲ್ಲಿಂದ ಯುದ್ಧ ಶುರು. ಒಬ್ಬರು ಸುತ್ತಿಗೆಯಿಂದ ಬಾರಿಸೋಣ ಎನ್ನುವವರು, ಇನ್ನೊಬ್ಬರು ಚಿಮುಟದಿಂದ ಎತ್ತೋಣ ಎನ್ನುವವರು. ನಡುವೆ ಕಾಂಪೌಂಡರು, ಕೊಟ್ಟದ್ದನ್ನು ಹಿಡಿದುಕೊಂಡು, ಹೇಳಿದ್ದನ್ನು ತಿರುಗಿಸುತ್ತ, ಇಬ್ಬರಿಗೂ ಹೂಂ ಎನ್ನುತ್ತ. ಎರಡು ಚಕ್ರಕ್ಕೂ ತಾಗುವಂತೆ ನೂಲು ಎಳೆದು ಕಟ್ಟಿ ಹಿಂದಿನ ಚಕ್ರ ನೇರ ಮಾಡುವಷ್ಟರಲ್ಲಿ ಹನ್ನೊಂದೂವರೆ.

ಓಲಾಟ ಕಡಿಮೆಯಾಯಿತು. ಆದರೆ ಈಗ ಹ್ಯಾಂಡಲ್ ನಡುಗತೊಡಗಿತು.

"ನಾನು ಹೇಳಲಿಲ್ವಾ?" ಎಂದರು ಏನೂ ಹೇಳದಿದ್ದ ಡ್ರೈವರ್ ಸಾಹೇಬರು. "ಹ್ಯಾಂಡಲ್ ಬ್ಯಾರಿಂಗ್ ಸಡಿಲ ಆಗಿದೆ. ಬಿಗಿ ಮಾಡಬೇಕು. ಸರೀರಿ ಆಚೆ."

ಆ ಮೊಣಕೈಯುದ್ದದ ಸ್ಪಾನರಿಗೆ ಕೊನೆಗೂ ಕೆಲಸ ಸಿಕ್ಕಿತು. ಡ್ರೈವರ್ ಸಾಹೇಬರು ಮೂವತ್ತು ವರ್ಷದ ಅನುಭವವನ್ನೆಲ್ಲ ಒಟ್ಟು ಮಾಡಿ ಒಂದೇ ನಟ್ಟಿನ ಮೇಲೆ ಹಾಕಿದರು. ಕಾಂಪೌಂಡರು ಬೈಕು ಹತ್ತಿ ಹೊರಟರು. ಬೈಕು ನೇರವಾಗಿ ಹೋಯಿತು. ಎಷ್ಟು ನೇರ ಎಂದರೆ, ರಸ್ತೆ ತಿರುಗಿದಾಗಲೂ ನೇರವಾಗಿಯೇ ಹೋಯಿತು. ಹ್ಯಾಂಡಲ್ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಬೈಕು ಮೂಲೆಮನೆಯ ಅಜ್ಜಿಯ ಅಂಗಳಕ್ಕೆ ನುಗ್ಗಿ, ಬಟ್ಟೆ ಒಣಹಾಕುವ ಹಗ್ಗ ಹರಿದು, ಬಕೆಟ್ಟಿಗೆ ಮುತ್ತಿಟ್ಟು ನಿಂತಿತು. ಮೇಲೆ ಕಾಂಪೌಂಡರು, ಅವರ ಮೇಲೆ ಹೂವಿನ ಚಿತ್ರದ ಒದ್ದೆ ಹೊದಿಕೆ.

"ಯಾರಪ್ಪಾ ಅದು?" ಎಂದು ಅಜ್ಜಿ ಹೊರಗೆ ಬಂದರು.

"ನಾನಜ್ಜಿ, ಕಾಂಪೌಂಡರು," ಎಂದಿತು ಹೊದಿಕೆ.

"ಮಂಡಿನೋವಿನ ಎಣ್ಣೆ ತಂದ್ಯಾ? ಒಳಗೇ ಬರಬಹುದಿತ್ತಲ್ಲ, ಬಾಗಿಲು ತೆರೆದೇ ಇತ್ತು."

ಹಗ್ಗ ಕಟ್ಟಿಕೊಟ್ಟು, ಹೊದಿಕೆ ಮತ್ತೆ ಒಗೆದುಕೊಟ್ಟು, ನಾಳೆ ಎಣ್ಣೆ ತರುವೆನೆಂದು ಮಾತು ಕೊಟ್ಟು ಬರುವಾಗ ಒಂದೂವರೆ ಗಂಟೆ. ಕಿಟಕಿಯಲ್ಲಿ ಕೂತು ಪೇಪರು ತಿದ್ದುತ್ತಿದ್ದ ಟೀಚರು ತಲೆಯೆತ್ತಿ, ತೊಯ್ದ ಗಂಡನನ್ನು ನೋಡಿದರು. ಒಂದು ಟವೆಲನ್ನು ಕಿಟಕಿಯಿಂದ ಚಾಚಿದರು ಅಷ್ಟೇ.

ಊಟದ ಹೊತ್ತು ದಾಟಿದರೂ ಮೂವರೂ ಏಳಲಿಲ್ಲ. ಗಡಿಯಾರದವರು ಕಿವಿಯನ್ನು ಹ್ಯಾಂಡಲಿಗೆ ಇಟ್ಟು "ಒಂದು ಕೂದಲೆಳೆ ಸಡಿಲಿಸಿ... ಇನ್ನು ಅರ್ಧ ಕೂದಲು... ನಿಲ್ಲಿಸಿ" ಎಂದರು. ಡ್ರೈವರ್ ಸಾಹೇಬರು ಉಸಿರು ಬಿಗಿಹಿಡಿದು ಅಷ್ಟೇ ಸಡಿಲಿಸಿದರು. ಬೆಳಿಗ್ಗೆಯಿಂದ ಅವರಿಬ್ಬರು ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಮೂರೂವರೆಗೆ ಕಾಂಪೌಂಡರು ಹೊರಟರು. ಬೀದಿಯ ತುದಿ ತಲುಪಿದರು. ತಿರುಗಿದರು. ಬಂದರು. ಬೈಕು ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಬಂತು. ಹ್ಯಾಂಡಲಿನಿಂದ ಎರಡೂ ಕೈ ಬಿಟ್ಟು, ಕಿರುನಗೆ ಬೀರುತ್ತ ಬಂದರು. ಡ್ರೈವರ್ ಸಾಹೇಬರು ಗಡಿಯಾರದವರನ್ನು ತಬ್ಬಿಕೊಂಡರು. ಭೂತಗನ್ನಡಿ ಎಗರಿ ಚರಂಡಿಗೆ ಬಿತ್ತು, ಅದನ್ನು ಯಾರೂ ಲೆಕ್ಕಿಸಲಿಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ಬಸ್ಸಿಳಿದು ದಪ್ಪ ಮೀಸೆಯವರೊಬ್ಬರು ಬಂದರು. ಕಂಕುಳಲ್ಲಿ ಹೆಲ್ಮೆಟ್.

"ಬೈಕ್ ತಗೊಂಡೇ ಹೋಗೋಣ ಅಂತ ಬಸ್ಸಲ್ಲೇ ಬಂದೆ, ಸ್ಕೂಟರ್ ನಾಳೆ ಬೆಳಿಗ್ಗೆನೇ ಕಳಿಸ್ತೀನಿ," ಎಂದು ನಗುತ್ತ ಕೀಲಿ ತೆಗೆದುಕೊಂಡರು. ಬೀದಿಯ ತುದಿವರೆಗೆ ಹೋದರು. ವಾಪಸು ಬರುವಾಗ ನಗು ಇರಲಿಲ್ಲ. ಇಳಿದು, ಬೈಕನ್ನು ಒಂದು ಸುತ್ತು ಸುತ್ತಿ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೇಳಿದರು:

"ಏನು ಮಾಡಿದ್ರಿ ಇದಕ್ಕೆ?"

"ಸರಿ ಮಾಡಿದ್ವಿ," ಎಂದರು ಕಾಂಪೌಂಡರು ಎದೆಯುಬ್ಬಿಸಿ.

"ಯಾಕೆ?"

ಡ್ರೈವರ್ ಸಾಹೇಬರು ಸ್ಪಾನರನ್ನು ಮೆಲ್ಲನೆ ಬೆನ್ನ ಹಿಂದೆ ಅಡಗಿಸಿದರು.

"ನಾನು ಬೈಕ್ ರಿಪೇರಿ ಕಲಿಸೋ ಮೇಷ್ಟ್ರು," ಎಂದರು ಮೀಸೆಯವರು. "ನಮ್ಮ ತರಬೇತಿ ಕೇಂದ್ರದಲ್ಲಿ ನೆಟ್ಟಗಿರೋ ಬೈಕು ಇಪ್ಪತ್ತಿವೆ. ಅಲ್ಲಾಡೋ ಬೈಕು ಒಂದೂ ಇಲ್ಲ. ಗಾಡಿ ಯಾಕೆ ಓಲಾಡುತ್ತೆ ಅಂತ ಹುಡುಗರಿಗೆ ಬೋರ್ಡ್ ಮೇಲೆ ಚಿತ್ರ ಬರೆದು ಎಷ್ಟು ಹೇಳಲಿ? ಹೋದ ವಾರ ನೀವೂ ನಿಮ್ಮ ಮನೆಯವರೂ ನಮ್ಮ ಬಸ್ಸಿನ ಮುಂದೆ ಹೋಗ್ತಿದ್ರಿ. ಆಹಾ, ಏನು ಓಲಾಟ! ಅಂಥ ಕಾಯಿಲೆ ಲಕ್ಷಕ್ಕೊಂದು. ಕ್ಲಿನಿಕ್ ಬಾಗಿಲಲ್ಲಿ ನಿಮ್ಮ ಚೀಟಿ, ಎದುರಿಗೇ ನಿಂತಿದ್ದ ಬೈಕು ನೋಡಿ, ಅದೇ ಅಂತ ಗೊತ್ತಾಗಿ ಎಷ್ಟು ಖುಷಿಪಟ್ಟಿದ್ದೆ! ನೀವು ನೋಡಿದ್ರೆ..."

ಕಿಟಕಿಯಲ್ಲಿ ಟೀಚರು ಪೆನ್ನು ಕೆಳಗಿಟ್ಟಿದ್ದರು.

"ಅರ್ಧ ಗಂಟೆ ಕೊಡಿ ಸಾರ್. ಮೊದಲಿನ ಥರಾನೇ ಕೆಡಿಸಿಕೊಡ್ತೀವಿ," ಎಂದರು ಕಾಂಪೌಂಡರು.

"ಕೈಯಾರೆ ಕೆಡಿಸಿದ್ದನ್ನ ನಮ್ಮ ಹುಡುಗರು ಎರಡು ನಿಮಿಷದಲ್ಲಿ ಹಿಡೀತಾರೆ. ತಾನಾಗಿ ಕೆಟ್ಟದ್ದೇ ಬೇಕು."

"ಇಲ್ಲ ಸಾರ್, ಪೂರ್ತಿ ಸರಿಯಾಗಿಲ್ಲ. ಒಳಗೆ ಇನ್ನೂ ಸ್ವಲ್ಪ ಉಳ್ಕೊಂಡಿದೆ, ನೋಡಿ ಬೇಕಾದ್ರೆ!" ಎಂದವರೇ ಕಾಂಪೌಂಡರು ಬೈಕು ಹತ್ತಿ, ಹ್ಯಾಂಡಲನ್ನು ಎಡಕ್ಕೆ ಬಲಕ್ಕೆ ಜಗ್ಗುತ್ತ, ಸೊಂಟ ಕುಣಿಸುತ್ತ, ಬೀದಿಯಲ್ಲಿ ಹಾವಿನಂತೆ ಹೊರಳಾಡುತ್ತ ಹೋಗಿ ಬಂದರು. ಆ ಚೀಟಿಯಲ್ಲಿ ಬರೆದದ್ದು ಬಿಟ್ಟರೆ ಜನ್ಮದಲ್ಲಿ ಸುಳ್ಳಾಡಿ ಗೊತ್ತಿಲ್ಲದವರು. ಕಿವಿಯೆರಡೂ ಕೆಂಪಾಗಿದ್ದವು.

ಮೇಷ್ಟರು ನಕ್ಕುಬಿಟ್ಟರು. "ಬೈಕ್ ಅಲ್ಲಾಡ್ತಿಲ್ಲ ಸ್ವಾಮಿ, ನೀವು ಅಲ್ಲಾಡಿಸ್ತಿದ್ದೀರಿ. ಇಪ್ಪತ್ತು ವರ್ಷದಿಂದ ಇದೇ ಪಾಠ ಮಾಡ್ತಿದ್ದೀನಿ, ನನಗೇ ಮಂಕುಬೂದಿನಾ? ಬರ್ತೀನಿ." ಹೆಲ್ಮೆಟ್ ಕಂಕುಳಿಗಿಟ್ಟು ಬಸ್ ನಿಲ್ದಾಣದ ಕಡೆ ನಡೆದರು.

ಡ್ರೈವರ್ ಸಾಹೇಬರಿಗೆ ಮಹಡಿಯ ಮೇಲೆ ಏನೋ ಕೆಲಸ ನೆನಪಾಯಿತು. ಗಡಿಯಾರದವರು ಚರಂಡಿಯಲ್ಲಿ ಭೂತಗನ್ನಡಿ ಹುಡುಕತೊಡಗಿದರು. ಕಾಂಪೌಂಡರು ವರಾಂಡದ ಖಾಲಿ ಮೂಲೆಯನ್ನು ನೋಡುತ್ತ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೈತುಂಬ ಗ್ರೀಸು, ಮಂಡಿ ತರಚಿತ್ತು.

ಟೀಚರು ಬಂದು ಪಕ್ಕದಲ್ಲಿ ನಿಂತರು.

"ಹೋಗ್ಲಿ ಬಿಡಿ. ಬೆಳಿಗ್ಗೆಯಿಂದ ಒದ್ದಾಡಿದ್ದು ನನಗೋಸ್ಕರ ತಾನೇ? ಈಗ ನೆಟ್ಟಗೆ ಹೋಗುತ್ತಲ್ಲ, ಸ್ಕೂಟರ್ ಯಾತಕ್ಕೆ? ನಾಳೆಯಿಂದ ಇದರಲ್ಲೇ ಬರ್ತೀನಿ. ಏಳಿ, ಒಂದು ಸುತ್ತು ಕರ್ಕೊಂಡು ಹೋಗಿ."

ಕಾಂಪೌಂಡರು ಕೈ ಒರೆಸಿಕೊಂಡು ಬೈಕು ಹತ್ತಿದರು. ಟೀಚರು ಹಿಂದೆ ಕೂತರು. ಬೈಕು ಹತ್ತು ಮಾರು ಹೋಯಿತೋ ಇಲ್ಲವೋ, ಹಿಂದಿನ ಚಕ್ರ ಒಮ್ಮೆ ಎಡಕ್ಕೆ ವಾಲಿತು, ಒಮ್ಮೆ ಬಲಕ್ಕೆ. ಆಮೇಲೆ ಬುಧವಾರವೇ ವಾಸಿ ಎನ್ನುವ ಹಾಗೆ ಬಾಲ ಬಡಿಯತೊಡಗಿತು.

"ರೀ!" ಟೀಚರು ಗಂಡನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದರು. "ಇವತ್ತು ಹಿಂದೆ ಯಾರನ್ನಾದ್ರೂ ಕೂರಿಸಿಕೊಂಡು ನೋಡಿದ್ರಾ?"

ಕಾಂಪೌಂಡರು ಯೋಚಿಸಿದರು. ಗಾಳಿ ನೋಡಿದ್ದರು, ಗೆರೆ ನೋಡಿದ್ದರು, ಕೂದಲೆಳೆ ನೋಡಿದ್ದರು. ಹಿಂದೆ ಕೂರುವ ಧೈರ್ಯವನ್ನು ಮಾತ್ರ ಯಾರೂ ಮಾಡಿರಲಿಲ್ಲ.

"ಹಾಗಾದ್ರೆ ಕಾಯಿಲೆ ಇನ್ನೂ ಇದೆ! ಮೇಷ್ಟ್ರಿಗೆ ಬೇಕಾಗಿದ್ದೂ ಇದೇ! ಓಡಿಸಿ ರೀ, ಬಸ್ ಬಂತು ನೋಡಿ, ಓಡಿಸಿ!"

ಕಾಂಪೌಂಡರು ಓಡಿಸಿದರು. ಬಸ್ಸು ಹೊರಟೇಬಿಟ್ಟಿತ್ತು. ಅದರ ಪಕ್ಕಕ್ಕೆ ಬೈಕು ತಂದು, ಓಲಾಡುತ್ತ, ತೂರಾಡುತ್ತ, "ಸಾರ್! ಸಾರ್! ನೋಡಿ, ಅಲ್ಲಾಡ್ತಿದೆ!" ಎಂದು ಕೂಗಿದರು. "ದೇವರಾಣೆ ತಾನಾಗೇ ಅಲ್ಲಾಡ್ತಿದೆ!" ಎಂದು ಕೂಗಿದರು ಟೀಚರು, ಒಂದು ಕೈ ಬೀಸುತ್ತ.

ಕಿಟಕಿಯಲ್ಲಿ ಮೀಸೆ ಕಾಣಿಸಿತು. ಮೇಷ್ಟರು ಬೈಕನ್ನು ನೋಡಿದರು, ಕಾಂಪೌಂಡರನ್ನು ನೋಡಿದರು, ಟೀಚರನ್ನೂ ನೋಡಿದರು. ಈಗ ಹೆಂಡತಿಯನ್ನೂ ನಾಟಕಕ್ಕೆ ಸೇರಿಸಿಕೊಂಡಿದ್ದಾರೆ ಎಂದು ಪಕ್ಕದವರಿಗೆ ಹೇಳಿ ಗಹಗಹಿಸಿ ನಕ್ಕರು. ತುಂಟ ಮಕ್ಕಳಿಗೆ ಮಾಡುವಂತೆ ಬೆರಳು ಆಡಿಸಿ, ಕಿಟಕಿಯ ಗಾಜು ಎಳೆದುಕೊಂಡರು.

ಬಸ್ಸು ಮೂಲೆ ತಿರುಗಿತು. ಬೈಕು ರಸ್ತೆಯ ಅಂಚಿಗೆ ಬಂದು ನಿಂತಿತು. ಟೀಚರು ಇಳಿದು, ಬಟ್ಟೆ ಕೊಡವಿಕೊಂಡು, ಮನೆಯ ಕಡೆ ನಡೆಯತೊಡಗಿದರು. ಕಾಂಪೌಂಡರು ಬೈಕು ತಳ್ಳಿಕೊಂಡು ಹಿಂದೆ ಹೊರಟರು.

ತಳ್ಳುವಾಗ ಅದು ಕೂದಲೆಳೆಯಷ್ಟೂ ಅತ್ತಿತ್ತ ಅಲುಗದೆ, ನೇರವಾಗಿ ಬಂತು.