ಮುಚ್ಚಳ ಭದ್ರವಾದ ದ್ರಾವಕ

ಕಾವಲು ಇಲಾಖೆಯ ಹೊಸ ಪಿಸ್ತೂಲುಗಳ ಮೈ ಪಾಲಿಮರ್ ಎಂಬ ಪ್ಲಾಸ್ಟಿಕ್ಕಿನದಾದ್ದರಿಂದ, ಅವನ್ನು ‘ಸುರಕ್ಷಿತ ದ್ರಾವಕ’ದಿಂದ ಮಾತ್ರ ಒರೆಸತಕ್ಕದ್ದೆಂದು ಆಜ್ಞೆಯಾಯಿತು. ಸುರಕ್ಷಿತ ಎಂದರೇನು ಎಂಬುದು ಆಜ್ಞೆಯಲ್ಲಿರಲಿಲ್ಲ. ಅದನ್ನು ನಿರ್ಣಯಿಸುವ ಹೊಣೆ ಉಗ್ರಾಣಾಧಿಕಾರಿಯ ತಲೆಗೆ ಬಂತು.

ಪಾಪ, ಆ ತಲೆ ಆಗಲೇ ಕೆಟ್ಟಿತ್ತು. ಭಾವಮೈದುನ ತನ್ನ ಪೇಂಟ್ ಅಂಗಡಿ ಮುಚ್ಚಿ, ಮಿಕ್ಕ ಥಿನ್ನರ್ ಡ್ರಮ್ಮುಗಳನ್ನೆಲ್ಲ ಅಕ್ಕನ ನಡುಮನೆಯಲ್ಲಿ ಇಳಿಸಿ ಹೋಗಿದ್ದ. “ನನ್ನ ತಮ್ಮನ ಡ್ರಮ್ಮು ಖಾಲಿಯಾಗೋವರೆಗೂ ನೀವು ಆಫೀಸಲ್ಲೇ ಮಲಗಿ,” ಎಂದು ಹೆಂಡತಿ ಹಾಸಿಗೆ ಸುತ್ತಿ ಕೈಗೆ ಕೊಟ್ಟಿದ್ದಳು. ಬೆಂಚಿನ ಮೇಲೆ ಮಲಗಿ ಸೊಂಟ ಹಿಡಿದಿತ್ತು. ಮನೆ ಊಟ ನೆನೆದರೆ ಅಳುವೇ ಬರುತ್ತಿತ್ತು.

ಆಯುಧ ರಿಪೇರಿಯವಳು ಬೋಗುಣಿಯಲ್ಲಿ ಸೋಪುನೀರು ತಂದಳು. “ಪಿಸ್ತೂಲಿನ ಮೈಗೆ ಇದೇ ಸಾಕು ಸಾರ್. ಕೊಳವೆಗೆ ಮಾತ್ರ ಪಾಲಿಮರಿಗೆ ಒಗ್ಗೋ ಕ್ಲೀನರ್ ಹಾಕಿ.”

ಉಗ್ರಾಣಾಧಿಕಾರಿ ಕೂಡಲೇ ವ್ಯಾಖ್ಯೆ ಬರೆದ: “ಸುರಕ್ಷಿತ ದ್ರಾವಕವೆಂದರೆ, ತಲೆಕೆಳಗು ಮಾಡಿದರೂ ಒಂದು ತೊಟ್ಟೂ ಸೋರದ ದ್ರಾವಕ.” ಬೋಗುಣಿಗೆ ಮುಚ್ಚಳವಿರಲಿಲ್ಲವಾಗಿ ಸೋಪುನೀರನ್ನು ಅಪಾಯಕಾರಿ ಎಂದು ಘೋಷಿಸಲಾಯಿತು. ಮನೆಯಿಂದ ತರಿಸಿದ ಭಾವಮೈದುನನ ಥಿನ್ನರ್ ಡ್ರಮ್ಮು, ಮುಚ್ಚಳ ಭದ್ರವಾಗಿದ್ದುದರಿಂದ, ತೇರ್ಗಡೆಯಾಯಿತು.

ಇಲಾಖೆಯ ಮುಖ್ಯಸ್ಥರಾದ ಸಾಹೇಬರಿಗೆ ಮಾತ್ರ ಸಣ್ಣ ಅನುಮಾನ. “ಥಿನ್ನರ್ ಅಂದ್ರೆ ಪ್ಲಾಸ್ಟಿಕ್ ತಿನ್ನಲ್ವೇನ್ರೀ?”

“ಅನುಮತಿ ಇಲ್ದೆ ನಮ್ಮ ಇಲಾಖೇಲಿ ಯಾರು ತಿಂತಾರೆ ಸಾರ್?”

ಸಾಹೇಬರಿಗೆ ಸಮಾಧಾನವಾಯಿತು. ಗುಂಡಿಲ್ಲದ ಪಿಸ್ತೂಲೊಂದನ್ನು ಥಿನ್ನರಿನಲ್ಲಿ ಒರೆಸಿ, ಹಿಡಿದು, ಫೋಟೋಕ್ಕೆ ನಿಂತರು. ಫೋಟೋದವನು ನಿಧಾನಸ್ಥ. ಮೆತ್ತಗಾಗಿದ್ದ ಹಿಡಿ ಅಷ್ಟರಲ್ಲಿ ಅಂಗೈಗೆ ಕಚ್ಚಿ ಒಣಗಿತು. ಎಲ್ಲರೂ ಸೇರಿ ಎಳೆದರು. ಪಿಸ್ತೂಲಿನ ಜೊತೆ ಸಾಹೇಬರೂ ಬಂದರು.

ಮಧ್ಯಾಹ್ನವೇ ಪ್ರಕಟಣೆ ಹೊರಟಿತು: “ಕೈಬಿಡದ ಆಯುಧವನ್ನು ಕಳ್ಳರು ಕಸಿಯಲಾರರು. ಆದಕಾರಣ ಅಂಟುವಿಕೆಯನ್ನು ದೋಷವೆನ್ನತಕ್ಕದ್ದಲ್ಲ. ಸಮಸ್ತ ಸಿಬ್ಬಂದಿ ಇಂದೇ ಅಂಟಿಕೊಳ್ಳತಕ್ಕದ್ದು.”

ಸಂಜೆಗೆ ಡ್ರಮ್ಮುಗಳು ಖಾಲಿ. ಉಗ್ರಾಣಾಧಿಕಾರಿ ಕಂಕುಳಲ್ಲಿ ಹಾಸಿಗೆ ಇಟ್ಟುಕೊಂಡು, ಪಿಸ್ತೂಲಿನ ತುದಿಯಿಂದ ಮನೆಯ ಗಂಟೆ ಒತ್ತಿದ.

“ಖಾಲಿಯಾಯ್ತಾ?”

“ಆಯ್ತು ಕಣೆ. ಆದ್ರೆ ಈ ಕೈ…”

ಹೆಂಡತಿ ಕೈ ನೋಡಿದಳು. “ಸರಿ, ಚಪ್ಪಲಿ ಆಚೆ ಬಿಟ್ಟು ಬನ್ನಿ,” ಎಂದು ಒಳಗೆ ಕೂರಿಸಿ, ಅನ್ನ ಕಲಸಿ ತಾನೇ ಬಾಯಿಗಿಟ್ಟಳು. ಆತನಿಗೆ ಸುಖದಿಂದ ಕಣ್ಣು ತುಂಬಿ ಬಂತು.

ಹೀಗೆ ಉಣ್ಣಿಸುವ ಮನೆಯವರಿಗೆಲ್ಲ ಇಲಾಖೆ ‘ತುತ್ತು ಭತ್ಯೆ’ ಮಂಜೂರು ಮಾಡಿತು. ಮದುವೆಯಾಗದ ಸಿಬ್ಬಂದಿಗೆ ಉಣ್ಣಿಸಲು ಒಂದು ಕಾಯಂ ಹುದ್ದೆಯನ್ನೂ ಸೃಷ್ಟಿಸಿತು. ಅದಕ್ಕೆ ಅರ್ಹನೆಂದು ಕಂಡುಬಂದವನು ಭಾವಮೈದುನ ಒಬ್ಬನೇ. ಅವನ ಎರಡೂ ಕೈ ಖಾಲಿ ಇದ್ದವು.