ಬಿಸಿಲಿಗಿಟ್ಟ ಪವರ್ ಬ್ಯಾಂಕು

ಕೆಂಪರಾಜನ ಪವರ್ ಬ್ಯಾಂಕಿನಲ್ಲಿ ನಾಲ್ಕು ಪುಟ್ಟ ದೀಪಗಳಿದ್ದವು. ಆ ಬೆಳಿಗ್ಗೆ ಅವುಗಳಲ್ಲಿ ಒಂದು ಮಾತ್ರ ಉರಿಯುತ್ತಿತ್ತು. ತೊಂದರೆ ಶುರುವಾದದ್ದೇ ಅಲ್ಲಿಂದ.

ತೂಬಗೆರೆಯಿಂದ ಆಚೆಗಿದ್ದ ಅವನ ಊರಿನಲ್ಲಿ ಹಿಂದಿನ ಸಂಜೆಯೇ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋಗಿತ್ತು. ಕೆಂಪರಾಜ ಸೇವಂತಿಗೆ ಬೆಳೆಯುವವನು. ನಸುಕಿನಲ್ಲಿ ಹೂ ಬಿಡಿಸುವಾಗ ತಲೆಗೆ ಕಟ್ಟಿಕೊಳ್ಳುವ ಲೈಟು, ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಬ್ಯಾಟರಿ ಪಂಪು, ಜೇಬಿನ ಫೋನು, ಹೀಗೆ ಅವನ ಬದುಕೆಲ್ಲ ಚಾರ್ಜಿನ ಮೇಲೆಯೇ ನಡೆಯುತ್ತಿತ್ತು. ಇವತ್ತು ಮಾತ್ರ ಅವನಿಗೆ ಫೋನೊಂದು ಬದುಕಿದ್ದರೆ ಸಾಕಾಗಿತ್ತು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಬಿಂದುಶ್ರೀ ಫೋನ್ ಮಾಡುವವಳಿದ್ದಳು.

ಬಿಂದುಶ್ರೀ ಪಿಲ್ಲಗುಂಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ ಹುಡುಗಿ. ಹೋದ ಭಾನುವಾರ ತಾಯಿ ಮಗ ಹೋಗಿ ಅವಳನ್ನು ನೋಡಿಕೊಂಡು ಬಂದಿದ್ದರು. ಅಲ್ಲಿಯವರೆಗೆ ನೋಡಿದ ಹುಡುಗಿಯರೆಲ್ಲ, ಗಂಡು ಹೂ ಬೆಳೆಯುತ್ತಾನೆ ಎಂದು ಗೊತ್ತಾದ ಕೂಡಲೇ ಕಾಫಿ ತಟ್ಟೆ ಎತ್ತಿಕೊಂಡು ಒಳಗೆ ಹೋದವರು, ಮತ್ತೆ ಹೊರಗೆ ಬಂದಿರಲಿಲ್ಲ. ಇವಳು ನಿಂತಿದ್ದಳು. "ನಿಮ್ಮನ್ನ ಒಂದು ಮಾತು ಕೇಳ್ಬೇಕು. ಇಲ್ಲಿ ಬೇಡ, ಬುಧವಾರ ಫೋನ್ ಮಾಡ್ತೀನಿ. ಆಮೇಲೆ ಹೂಂ ಉಹೂಂ ಹೇಳ್ತೀನಿ" ಎಂದಿದ್ದಳು. ಅಂದಿನಿಂದ ಕೆಂಪರಾಜ, ಅವಳು ಏನೇನು ಕೇಳಬಹುದೋ ಅದಕ್ಕೆಲ್ಲ ಉತ್ತರ ಬಾಯಿಪಾಠ ಮಾಡಿ, ಸೇವಂತಿಗೆ ಸಾಲಿನ ನಡುವೆ ನಿಂತು ಗಟ್ಟಿಯಾಗಿ ಹೇಳಿಯೂ ನೋಡಿದ್ದ.

ಬುಧವಾರ ಹೂವಿನ ಮೂಟೆಗಳನ್ನು ಗಾಡಿಗೆ ಹಾಕಿ ಮನೆಗೆ ಬಂದಾಗ ಫೋನಿನಲ್ಲಿ ಐದು ಪರ್ಸೆಂಟ್ ಉಳಿದಿತ್ತು. ಪವರ್ ಬ್ಯಾಂಕ್ ಇಟ್ಟಿದ್ದ ಗೂಡು ಖಾಲಿಯಾಗಿತ್ತು.

"ಅವ್ವಾ, ನನ್ ಪವರ್ ಬ್ಯಾಂಕ್ ಎಲ್ಲಿ?"

"ಬ್ಯಾಂಕಾ? ಪಾಸ್‌ಬುಕ್ಕು ಬೀರೂನಾಗೆ ಐತೆ ನೋಡ್ಲಾ" ಎಂದಳು ಅಮ್ಮಯಮ್ಮ.

"ಅದಲ್ಲವ್ವಾ. ಕರೀ ಡಬ್ಬಿ. ಫೋನಿಗೆ ಹಾಕೋದು."

"ಓ, ಆ ಬ್ಯಾಟ್ರಿನಾ? ಒಂದೇ ದೀಪ ಉರೀತಿತ್ತು. ವೀಕಾಗೈತೆ ಅಂತ ಮಾಳಿಗೆ ಮೇಲೆ ಬಿಸಿಲಿಗೆ ಮಡಗಿದ್ದೀನಿ. ನಿಮ್ಮಪ್ಪ ಬ್ಯಾಟ್ರಿ ಶೆಲ್ಲು ವೀಕಾದ್ರೆ ಹಂಗೇ ಮಾಡ್ತಿದ್ರು. ಒಂದಿನ ಬಿಸಿಲು ಕಾಯಿಸಿದ್ರೆ ಇನ್ನೊಂದು ವಾರ ಬೆಳಕು ಬರ್ತಿತ್ತು."

ಅಮ್ಮಯಮ್ಮ ಅರೆಮನಸ್ಸಿನ ಕೆಲಸ ಮಾಡುವವಳಲ್ಲ. ಚೆನ್ನಾಗಿ ಕಾಯಲಿ ಎಂದು ತಗಡಿನ ಮೇಲೆ, ಒಣಗಲು ಹಾಕಿದ ಮೆಣಸಿನಕಾಯಿಯ ಪಕ್ಕದಲ್ಲೇ ಇಟ್ಟಿದ್ದಳು. ಕೆಂಪರಾಜ ಏಣಿ ಹತ್ತಿ ನೋಡಿದರೆ ಪವರ್ ಬ್ಯಾಂಕು ಬಾಣಲೆಯ ಪೂರಿಯಂತೆ ಉಬ್ಬಿ, ಹೊಲಿಗೆ ಬಿಚ್ಚಿದ ದಿಂಬಿನಂತೆ ಒಂದು ಪಕ್ಕ ಬಾಯಿ ಬಿಟ್ಟಿತ್ತು.

"ಮುಟ್ಬೇಡ ಗುರು!" ಪಕ್ಕದ ಮಾಳಿಗೆಯಿಂದ ಅನಿಲ್‌ಕುಮಾರ್ ಕಿರುಚಿದ. ಪ್ರಪಂಚದ ಎಲ್ಲ ವಿಷಯಕ್ಕೂ ಒಂದು ವಿಡಿಯೋ ನೋಡಿದ್ದವನು ಅವನು. "ಲೀಥಿಯಂ ಅದು! ಇಂಥದ್ದೊಂದು ಸಿಡಿದು ಮನೆಗೆ ಮನೇನೇ ಎಗರಿಹೋಗಿರೋದು ನೋಡಿದ್ದೀನಿ!"

ಎದುರು ಮನೆಯ ಅಶ್ವತ್ಥಮ್ಮನಿಗೆ ಇದರಲ್ಲಿ ಕೇಳಿಸಿದ್ದು ಮನೆ ಎಗರುವುದಷ್ಟೇ. ಅವಳು ಕೂಗಿದ ಕೂಗಿಗೆ ಬೀದಿಯವರು ಮಕ್ಕಳನ್ನೂ ಕೋಳಿಗಳನ್ನೂ ಎತ್ತಿಕೊಂಡು ಹೊರಗೆ ಬಂದರು.

"ಒಂದ್ ಕೊಡ ನೀರು ಹುಯ್ರಲಾ!" ಎಂದಳು ಅಶ್ವತ್ಥಮ್ಮ.

"ಬ್ಯಾಡ ದೊಡ್ಡಮ್ಮ, ನೀರು ಬಿದ್ರೆ ಇನ್ನೂ ಜೋರಾಗುತ್ತೆ" ಎಂದ ಅನಿಲ್‌ಕುಮಾರ್.

"ಹಂಗಾದ್ರೆ ಮಜ್ಜಿಗೆ?"

ಕೊನೆಗೆ ಊರಾಚೆಯ ಬಯಲಿನಲ್ಲಿ ಇಟ್ಟು ಬರುವುದೆಂದು ತೀರ್ಮಾನವಾಯಿತು. ಮೊರದಲ್ಲಿ ಮರಳು, ಮರಳಿನ ಮೇಲೆ ಪವರ್ ಬ್ಯಾಂಕು, ಮೊರ ಕೆಂಪರಾಜನ ಎರಡೂ ಕೈಯಲ್ಲಿ. ಬೀದಿಯವರು ದೂರದಲ್ಲಿ ಹಿಂದೆ ಹಿಂದೆ ಬಂದರು. ಕಣ್ಣು ಮಂಜಾಗಿದ್ದ ಅಪ್ಪಯ್ಯಣ್ಣ ಜಗಲಿಯಿಂದ ಎದ್ದು, ಯಾವ ದೇವರೋ ಏನೋ ಎಂದು ಕೈಮುಗಿದ.

ಆಗ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ಅನಿಲಾ, ಎತ್ತೋ! ಬಿಂದುಶ್ರೀ ಕಣೋ!"

"ನಾನ್ ಹತ್ರ ಬರಲ್ಲ ಗುರು."

ಅಶ್ವತ್ಥಮ್ಮನಿಗೆ ಸಾವಿಗಿಂತ ಕುತೂಹಲ ದೊಡ್ಡದು. ನುಗ್ಗಿ ಬಂದು ಅವನ ಜೇಬಿಗೆ ಕೈಹಾಕಿ, ಸಿಕ್ಕಿದ್ದನ್ನೆಲ್ಲ ಒತ್ತಿದಳು. ಸ್ಪೀಕರ್ ಆನ್ ಆಯಿತು. ಬೀದಿ ಉಸಿರು ಬಿಗಿಹಿಡಿಯಿತು.

"ನಮಸ್ಕಾರ. ನಿಮ್ಮ ಪ್ಲಾನ್‌ನ ಅವಧಿ ಇಂದು ಮುಗಿಯಲಿದೆ..."

"ದನಿ ಬೆಣ್ಣೆ ಇದ್ದಂಗೈತೆ" ಎಂದು ಮೆಚ್ಚಿದ ಅಶ್ವತ್ಥಮ್ಮ ಫೋನಿಗೆ ಬಾಯಿಟ್ಟು ಕೇಳಿದಳು, "ಏನವ್ವಾ, ಅಡಿಗೆ ಗಿಡಿಗೆ ಬರ್ತೈತಾ?"

"...ರೀಚಾರ್ಜ್ ಮಾಡಲು ಒಂದನ್ನು ಒತ್ತಿ..."

"ಕಟ್ ಮಾಡು ದೊಡ್ಡಮ್ಮಾ! ಚಾರ್ಜು!" ಎಂದು ಕೆಂಪರಾಜ ಅಂಗಲಾಚುವಷ್ಟರಲ್ಲಿ ಫೋನು ಕಪ್ಪಾಯಿತು.

ಬಯಲಿನಲ್ಲಿಟ್ಟ ಪವರ್ ಬ್ಯಾಂಕು ಸಿಡಿಯಲೂ ಇಲ್ಲ, ಹೊಗೆಯಾಡಲೂ ಇಲ್ಲ. ಜನ ಸ್ವಲ್ಪ ಹೊತ್ತು ಕಾದು, ಒಂದಿಷ್ಟು ನಿರಾಸೆಯಿಂದಲೇ ಮನೆಗೆ ಹೋದರು.

ಕೆಂಪರಾಜ ಬೈಕು ಹತ್ತಿ ತೂಬಗೆರೆಗೆ ಓಡಿದ. ಅಲ್ಲೂ ಆಗ ಕರೆಂಟು ಇರಲಿಲ್ಲ, ಆದರೆ ಬೇಕರಿಯಲ್ಲಿ ಯುಪಿಎಸ್ ಇತ್ತು. ಅದರ ಮುಂದೆ ಆಗಲೇ ಐದಾರು ಫೋನುಗಳು ಹಂದಿಮರಿಗಳಂತೆ ಸಾಲಾಗಿ ಮಲಗಿ ಹೀರುತ್ತಿದ್ದವು. ಸರದಿ ಬರುವಷ್ಟರಲ್ಲಿ ಮುಲಾಜಿಗೆ ಬೇಡದ ಎರಡು ಪಫ್ಸ್ ತಿಂದ. ಫೋನು ಕಣ್ಣು ಬಿಟ್ಟಾಗ ಬಿಂದುಶ್ರೀ ಮೂರು ಸಲ ಮಾಡಿದ್ದಳೆಂಬ ಮಿಸ್ಡ್ ಕಾಲ್ ಮೆಸೇಜು ಬಂತು. ಮಾಡಿದ, ಎತ್ತಲಿಲ್ಲ. ಶಿಫ್ಟಿನಲ್ಲಿರಬೇಕು. ಈ ಸಲ ಮಾತಿನ ಮಧ್ಯೆ ಕೈಕೊಡಬಾರದೆಂದು ಪೂರ್ತಿ ಚಾರ್ಜ್ ಆಗುವವರೆಗೆ ಕೂತು, ಹೊತ್ತು ಇಳಿಯುವಾಗ ಮನೆಗೆ ಬಂದ.

ಬಾಗಿಲಲ್ಲಿ ಅಮ್ಮಯಮ್ಮ ಸಕ್ಕರೆ ಬಟ್ಟಲು ಹಿಡಿದು ನಿಂತಿದ್ದಳು. "ಬಾಯಿ ತೆಗಿ ಮಗಾ."

"ಯಾಕವ್ವಾ?"

"ನಿನ್ ಫೋನು ಸತ್ತೋಗಿತ್ತಲ್ಲ, ಆ ಹುಡುಗಿ ನನ್ ಫೋನಿಗೇ ಮಾಡಿತ್ತು ಕಣೋ. ನೋಡಕ್ಕೆ ಹೋದಾಗ ನಂಬರ್ ಕೊಟ್ಟಿದ್ದೆ."

ಎಲೆಅಡಿಕೆ ಚೀಲದಲ್ಲಿರುತ್ತಿದ್ದ ಅವಳ ಗುಂಡಿ ಫೋನಿಗೆ ವಾರಕ್ಕೊಮ್ಮೆ ಚಾರ್ಜ್ ಹಾಕಿದರೆ ಸಾಕಿತ್ತು. ಅದೂ ಒಂದು ಫೋನೆಂದು ಕೆಂಪರಾಜನಿಗೆ ಹೊಳೆದೇ ಇರಲಿಲ್ಲ.

"ಏನ್ ಕೇಳಿದ್ಲವ್ವಾ?"

"'ನಿಮ್ಮ ಮಗ ನನ್ನ ಇಷ್ಟಪಟ್ಟು ಮದುವೆ ಆಗ್ತಿದಾರಾ, ಇಲ್ಲಾ ನೀವು ಹೇಳಿದ್ರಿ ಅಂತಾನಾ' ಅಂದ್ಲು. ಪಾಪ, ಎಂಥವನೋ ಏನೋ ಅಂತ ಅವಳಿಗೂ ದಿಗಿಲು ಇರಲ್ವಾ? 'ನನ್ ಮಗ ಅಪರಂಜಿ ಕಣವ್ವಾ' ಅಂದೆ. 'ಅವ್ನಿಗೆ ಇಷ್ಟ ಗಿಷ್ಟ ಅಂತ ಏನೂ ಇಲ್ಲ. ನಾನು ಯಾರ್ನ ತೋರಿಸಿದ್ರೂ ತಲೆ ಬಗ್ಗಿಸಿ ತಾಳಿ ಕಟ್ತಾನೆ. ನಿನಗಿಂತ ಮುಂಚೆ ಹನ್ನೊಂದು ಹುಡುಗೀರ್ನ ತೋರಿಸಿದ್ದೆ, ಹನ್ನೊಂದಕ್ಕೂ ಹೂಂ ಅಂದಿದ್ದ' ಅಂದೆ!"

"ಅದಕ್ಕೆ ಅವಳೇನಂದ್ಲು?"

"'ಸರಿ ಅಮ್ಮಾ, ಅರ್ಥ ಆಯ್ತು' ಅಂದ್ಲು. ಎಷ್ಟು ನಯ ಅಂತೀಯ! ಒಪ್ಕೊಂಡ್ಲು ಕಣೋ" ಎಂದು ಅಮ್ಮಯಮ್ಮ ಬಟ್ಟಲು ಹಿಡಿದು ಬೀದಿ ದಾಟಿದಳು.

ಜೇಬಿನಲ್ಲಿ ಫೋನು ಟಣ್ ಎಂದಿತು. ಬಿಂದುಶ್ರೀಯ ಮೆಸೇಜು: 'ನಿಮ್ಮ ತಾಯಿ ತುಂಬ ಒಳ್ಳೆಯವರು. ಹನ್ನೆರಡನೆಯವಳು ನಾನಾಗುವುದು ಬೇಡ. ಬೇರೆ ಕಡೆ ನೋಡಿ.'

"ಅವ್ವಾ, ತಡಿ!" ಎಂದು ಕೆಂಪರಾಜ ಅಂಗಳಕ್ಕೆ ಧಾವಿಸಿದ. ಎದುರು ಬಾಗಿಲಲ್ಲಿ ಅಶ್ವತ್ಥಮ್ಮ ಬಾಯ್ತುಂಬ ಸಕ್ಕರೆ ಹಾಕಿಸಿಕೊಂಡು, ಇಡೀ ಬೀದಿಗೆ ಕೇಳುವಂತೆ ಕೂಗಿದಳು:

"ಯಾವಾಗ್ಲಾ ಕೆಂಪರಾಜ, ಊಟ ಹಾಕ್ಸೋದು?"