ಕ್ಯಾಮೆರಾ ಇದ್ದವನ ಒಂದೇ ಒಂದು ಫೋಟೋ

ಕ್ಯಾಮೆರಾ ಕೊರಳಿಗೆ ಬಿದ್ದ ದಿನದಿಂದ ನನ್ನ ಎದೆ ಧಸಕ್ಕೆನ್ನದ ವಾರವೇ ಕಡಿಮೆ. ಬೇರೆಯವರು ಗುಂಡಿ ಒತ್ತಿದರೆ ಚಿತ್ರ ಬರುತ್ತಿತ್ತು, ನಾನು ಒತ್ತಿದರೆ ಅನಾಹುತ ಬರುತ್ತಿತ್ತು.

ಮುಂಬಯಿ ರಾಜ್ಯದಲ್ಲಿದ್ದ ನಾವು ಮೈಸೂರಿಗೆ ಸೇರಿದ ಮರುವರ್ಷದ ಮಾತು. ಸಿದ್ದಾಪುರದ ಕನ್ನಡ ಶಾಲೆಯಲ್ಲಿ ನಾನು ಮಾಸ್ತರ. ವರ್ಗವಾಗಿ ಹೊರಟಿದ್ದ ಫಾರೆಸ್ಟ್ ಸಾಹೇಬರೊಬ್ಬರು ಕರಿ ಪೆಟ್ಟಿಗೆಯಂಥ ಒಂದು ಕ್ಯಾಮೆರಾವನ್ನು ನನಗೆ ದಾಟಿಸಿ ಹೋಗಿದ್ದರು. ರೀಲಿಗೆ ಎಂಟು ಚಿತ್ರ. ಒಂದು ತೆಗೆದ ಮೇಲೆ ಪಕ್ಕದಲ್ಲಿ ಕಿವಿಯಂತೆ ಚಾಚಿದ ಕೀಲನ್ನು ತಿರುಪಿ ರೀಲನ್ನು ಮುಂದೆ ಸರಿಸಬೇಕು. ಇಷ್ಟು ಕಲಿತು ನಾನು ಊರಿನಲ್ಲಿ ಫೋಟೋಗ್ರಾಫರ್ ಎಂದು ಮೆರೆಯುತ್ತಿದ್ದೆ.

ಆಗ ಮನೆಯಿಂದ ಅಪ್ಪಯ್ಯನ ಕಾಗದ ಬಂತು. ಯಲ್ಲಾಪುರದವರು ಜಾತಕ ಒಪ್ಪಿದ್ದಾರೆ, ಹದಿನೈದು ದಿನದೊಳಗೆ ನಿನ್ನ ಫೋಟೋ ಅವರಿಗೆ ಮುಟ್ಟಬೇಕು, ಇಲ್ಲದಿದ್ದರೆ ಕುಮಟೆಯ ಗಂಡಿಗೆ ಮಾತು ಕೊಡುತ್ತಾರಂತೆ. ಆ ಹುಡುಗಿಯನ್ನು ನಾನು ಸೋಂದಾದ ಒಂದು ಉಪನಯನದಲ್ಲಿ ನೋಡಿದ್ದೆ. ನನ್ನ ಎಲೆಗೆ ಎರಡು ಸಲ ಪಾಯಸ ಬಡಿಸಿ, ಮೂರನೇ ಸಲ ಕೇಳಿದಾಗ ನಕ್ಕು ಮುಂದೆ ಹೋಗಿದ್ದಳು. ಅವತ್ತಿನಿಂದ ನನಗೆ ಬೇರೆ ಯಾರೂ ಬೇಡವಾಗಿತ್ತು.

ಶಿರಸಿಯ ಸ್ಟುಡಿಯೋಕ್ಕೆ ಹೋಗಿ ಕೂತಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ಸ್ವಂತ ಕ್ಯಾಮೆರಾ ಇದ್ದವನು ಇನ್ನೊಬ್ಬರ ಕ್ಯಾಮೆರಾದ ಎದುರು ಕೂರುವುದೇ? ಈ ಒಣಜಂಬ ಒಂದು ಇಲ್ಲದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ.

ತೊಳೆದದ್ದು

ನನ್ನ ಫೋಟೋವನ್ನು ಬೇರೆ ಯಾರಾದರೂ ಒತ್ತಬೇಕಲ್ಲ. ಬಾಡಿಗೆ ಮನೆಯ ಒಡತಿ ದೊಡ್ಡಮ್ಮನನ್ನು ಕೇಳಿದೆ. ಅವರು ಕ್ಯಾಮೆರಾದ ಪಟ್ಟಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ತಮಾ, ಅದು ತೊಗಲು. ಆನು ಮಡಿಯಲ್ಲಿದ್ದೆ. ಮುಟ್ಲಾಗ."

ಕೊನೆಗೆ ಕ್ಯಾಮೆರಾವನ್ನು ಸ್ಟೂಲಿನ ಮೇಲಿಟ್ಟು ನಾನು ಅಂಗಳದಲ್ಲಿ ನಿಂತೆ. ದೊಡ್ಡಮ್ಮ ಮರದ ಸೌಟಿನ ಹಿಡಿಯಿಂದ ದೂರ ನಿಂತೇ ಗುಂಡಿ ಒತ್ತಿದರು. ಪ್ರತಿ ಸಲ ನಾನು ಓಡಿಬಂದು ಕಿವಿ ತಿರುಪಿ ಮತ್ತೆ ಓಡಿಹೋಗಿ ನಿಂತೆ. ಎಂಟೂ ಮುಗಿಯಿತು. ರೀಲನ್ನು ಹೊರತೆಗೆದು ಜಗುಲಿಯಲ್ಲಿಟ್ಟು, "ಚೆನ್ನಾಗಿ ಬಂದಿರಬೇಕು ದೊಡ್ಡಮ್ಮ, ಇನ್ನು ತೊಳೆದರಾಯಿತು" ಎಂದು ಹೇಳಿ ಶಾಲೆಗೆ ಓಡಿದೆ. ರೀಲನ್ನು ಶಿರಸಿಗೆ ಕಳಿಸಿ ಮದ್ದಿನ ನೀರಿನಲ್ಲಿ ಚಿತ್ರ ಎಬ್ಬಿಸುವುದಕ್ಕೆ ನಾವು ತೊಳೆಯುವುದು ಎನ್ನುತ್ತಿದ್ದೆವು.

ಮಧ್ಯಾಹ್ನ ಊಟಕ್ಕೆ ಬಂದು ನೋಡುತ್ತೇನೆ, ಬಟ್ಟೆ ಒಣಹಾಕುವ ಹಗ್ಗದಲ್ಲಿ ನನ್ನ ಧೋತರದ ಪಕ್ಕ ರೀಲು ಜೋಲಾಡುತ್ತಿದೆ. ಗಾಜಿನ ಹಾಗೆ ಸ್ವಚ್ಛವಾಗಿದೆ. ಅದರ ಮೂಲಕ ಆಚೆಮನೆಯ ಬಾವಿ ಕಾಣುತ್ತಿತ್ತು.

"ಎಂತ ಲೋಳೆ ಮೆತ್ತಿತ್ತೋ ಮಾರಾಯಾ! ಬಿಸಿನೀರಲ್ಲಿ ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೆಗೆದೆ" ಎಂದರು ದೊಡ್ಡಮ್ಮ, ಸೊಂಟಕ್ಕೆ ಕೈ ಕೊಟ್ಟುಕೊಂಡು.

"ದೊಡ್ಡಮ್ಮಾ, ಅದರಲ್ಲಿ ನನ್ನ ಮುಖ ಇತ್ತು!"

"ಇರ್ಲಿ ಬಿಡು ತಮಾ. ಮುಖ ತೊಳೆದ ಹಾಂಗೆ ಆತು."

ಗುಂಡಿ

ಎರಡನೆಯ ರೀಲಿಗೆ ನಮ್ಮ ಹೆಡ್‌ಮಾಸ್ತರೇ ಮುಂದೆ ಬಂದರು. "ಕೊಡಿ ಇಲ್ಲಿ, ನಾನು ಇಂಥದ್ದು ಎಷ್ಟು ನೋಡಿಲ್ಲ" ಎಂದು ಪೆಟ್ಟಿಗೆಯನ್ನು ಹೊಟ್ಟೆಯ ಮುಂದೆ ಹಿಡಿದರು. ನಾನು ಶಾಲೆಯ ಮೆಟ್ಟಿಲ ಮೇಲೆ ಕೋಟು ಹಾಕಿ ನಿಂತೆ. ಎಂಟು ಸಲವೂ ಉಸಿರು ಬಿಗಿಹಿಡಿದು ನಕ್ಕೆ. ದೊಡ್ಡವರು ಅದನ್ನು ಹೇಗೆ ಹಿಡಿದಿದ್ದಾರೆಂದು ಹತ್ತಿರ ಹೋಗಿ ನೋಡುವ ಧೈರ್ಯ ನನಗಿರಲಿಲ್ಲ.

ಈ ಸಲ ರೀಲನ್ನು ನಾನೇ ಶಿರಸಿಗೆ ಒಯ್ದೆ. ಸ್ಟುಡಿಯೋದವರು ತೊಳೆದು, ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನನ್ನ ಮುಖ ನೋಡಿದರು. ಎಂಟರಲ್ಲೂ ಮಸುಕು ಮಸುಕಾದ ಒಂದು ಗುಡ್ಡ, ನಡುವೆ ಒಂದು ಗುಂಡಿ. ಹೆಡ್‌ಮಾಸ್ತರು ಕ್ಯಾಮೆರಾದ ಕಣ್ಣನ್ನು ತಮ್ಮ ಹೊಟ್ಟೆಯ ಕಡೆಗೇ ತಿರುಗಿಸಿ ಹಿಡಿದಿದ್ದರು! ಹನ್ನೊಂದು ದಿನ ಆಗಲೇ ಕಳೆದುಹೋಗಿತ್ತು, ಆದರೂ ಆ ಸ್ಟುಡಿಯೋದಲ್ಲೇ ಕೂರಲು ನನ್ನ ಜಂಬ ಬಿಡಲಿಲ್ಲ.

"ಏನಕ್ಕೆ ಬೇಕಾಗಿತ್ತು ಮಾಸ್ತರೇ?" ಎಂದು ಸ್ಟುಡಿಯೋದವರು ಕೇಳಿದರು.

"ಹೆಣ್ಣಿನ ಕಡೆಯವರಿಗೆ ಕಳಿಸಲು."

ಅವರು ಒಂದು ಚಿತ್ರ ಎತ್ತಿ ಬೆಳಕಿಗೆ ಹಿಡಿದರು. "ಇದನ್ನೇ ಕಳಿಸಿ. ಉಂಡುಟ್ಟು ಸುಖವಾಗಿದ್ದಾನೆ ಎಂದಾದರೂ ತಿಳಿಯುತ್ತದೆ."

ಕೂಸು

ಸಿದ್ದಾಪುರದ ದವಾಖಾನೆಗೆ ಆಗಷ್ಟೇ ಹುಬ್ಬಳ್ಳಿ ಕಡೆಯ ನರ್ಸಬಾಯಿ ಒಬ್ಬರು ಬಂದಿದ್ದರು. ಇಲ್ಲಿ ತಾವು ಹೆರಿಗೆ ಮಾಡಿಸಿದ ಮೊದಲ ಮಗುವಿನ ಜೊತೆ ಒಂದು ಫೋಟೋ ತೆಗೆಸಿ ಊರಿನಲ್ಲಿದ್ದ ತಮ್ಮ ತಾಯಿಗೆ ಕಳಿಸಬೇಕೆಂದು ಅವರ ಆಸೆ. ಮಗುವನ್ನು ಎತ್ತಿಕೊಂಡು ದವಾಖಾನೆಯ ಜಗುಲಿಯಲ್ಲಿ ಖಾಲಿ ಕುರ್ಚಿಯ ಪಕ್ಕ ನಿಂತರು. ಕೂತುಕೊಳ್ಳಿ ಎಂದರೆ, "ನಿಂತರ ಸೀರಿ ಛಲೋ ಕಾಣತೈತ್ರಿ" ಎಂದರು. ತೆಗೆದೆ. ಅವರ ಕೈ ನಡುಗುವುದಿಲ್ಲ, ಬುದ್ಧಿಯೂ ಚುರುಕು ಎಂದು ಕಂಡದ್ದೇ, ಮಗುವನ್ನು ಅದರ ತಾಯಿಗೆ ಕೊಡಿಸಿ ನಾನು ಅದೇ ಕುರ್ಚಿಯಲ್ಲಿ ಕೂತೆ. ಅವರು ಒತ್ತಿದರು.

ಆಗ ಉಳಿದದ್ದು ಎರಡು ದಿನ. ರೀಲನ್ನು ಶಿರಸಿಯ ಬಸ್ಸಿನಲ್ಲಿ ಕಳಿಸಿ, ಕುರ್ಚಿಯಲ್ಲಿ ಕೂತಿರುವ ಚಿತ್ರವನ್ನು ನೇರವಾಗಿ ಯಲ್ಲಾಪುರಕ್ಕೇ ಟಪಾಲಿಗೆ ಹಾಕಿಬಿಡಿ ಎಂದು ಚೀಟಿ ಬರೆದೆ. ಅಷ್ಟು ದಿನದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಒಂದು ವಾರದ ಮೇಲೆ ಕೆಮ್ಮಿನ ಔಷಧಕ್ಕೆಂದು ದವಾಖಾನೆಯ ಒಳಗೆ ಬೆಂಚಿನ ಮೇಲೆ ಕೂತಿದ್ದೆ. ಬಸ್ಸಿನಿಂದಿಳಿದ ಹಿರಿಯರೊಬ್ಬರು ನರ್ಸಬಾಯಿಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು. ತಮ್ಮ ಕೈಯಲ್ಲಿದ್ದ ಲಕೋಟೆಯ ಒಳಗೆ ನೋಡಿದರು, ಅವರ ಮುಖ ನೋಡಿದರು.

"ತಂಗೀ, ನಮ್ಮದು ಯಲ್ಲಾಪುರ" ಎಂದರು. ನನ್ನ ಕೆಮ್ಮು ಅಲ್ಲೇ ನಿಂತಿತು. ಇವರು ಹುಡುಗಿಯ ಅಪ್ಪ! "ಇಲ್ಲಿಯ ಸಣ್ಣ ಮಾಸ್ತರಿಗೆ ಬೇರೆ ಕೂಸು ಗೊತ್ತಾಗಿದ್ದು ಹೌದಾ?"

ನಮ್ಮ ಮನೆಗಳಲ್ಲಿ ಕೂಸು ಎಂದರೆ ಹುಡುಗಿ, ಮದುವೆಯ ಹೆಣ್ಣು. ಹುಬ್ಬಳ್ಳಿ ಕಡೆ ಕೂಸು ಎಂದರೆ ಎಳೆಮಗು. ಅದು ಅವರಿಗೆ ಗೊತ್ತಿಲ್ಲ, ಇದು ಇವರಿಗೆ ಗೊತ್ತಿಲ್ಲ.

"ಕೂಸು ಗೊತ್ತಿಲ್ದೇನ್ರಿ? ಅವತ್ತ ಫೋಟೋನೂ ತಗದಾರ" ಎಂದರು ನರ್ಸಬಾಯಿ ನಗುತ್ತ.

"ಎಷ್ಟು ವರ್ಷದ್ದು?"

"ವರ್ಷ ಎಲ್ಲೀದ್ರಿ! ಇನ್ನೂ ತಿಂಗಳ ತುಂಬಿಲ್ಲ."

"ಈಗ... ಎಲ್ಲಿದ್ದು?"

"ಒಳಗ ಮಲಗೇತಿ. ಎತ್ಕೊಂಡ ಬರ್ಲೇನ್ರಿ?"

ಹಿರಿಯರು ಮೆಟ್ಟಿಲ ಮೇಲೆ ಕುಸಿದು ಕೂತರು. ನಾನು ಅವರ ಬಳಿಗೆ ಓಡಿದೆ. ನನ್ನನ್ನು ಕಂಡದ್ದೇ ಲಕೋಟೆಯಿಂದ ಫೋಟೋ ತೆಗೆದು ಹಿಡಿದರು. ನಾನು ಕುರ್ಚಿಯಲ್ಲಿ ಯಜಮಾನನ ಹಾಗೆ ಕೂತಿದ್ದೇನೆ. ಪಕ್ಕದಲ್ಲಿ ನರ್ಸಬಾಯಿ ಕುರ್ಚಿಗೆ ತಾಗಿ ನಿಂತಿದ್ದಾರೆ. ಅವರ ಕೈಯಲ್ಲಿ ಮಗು. ಕಿವಿ ತಿರುಪುವುದನ್ನು ನಾನು ಮರೆತಿದ್ದೆ, ಎರಡು ಚಿತ್ರವೂ ಒಂದೇ ಕಡೆ ಕೂತಿದ್ದವು.

ಗದ್ದಲ ಕೇಳಿ ಮಗುವಿನ ನಿಜವಾದ ತಾಯಿ ಹೊರಗೆ ಬಂದು ಇಣುಕಿ ನೋಡಿದಳು. "ಅಯ್ಯಯ್ಯೋ! ನನ್ನ ಮಗುನ ಮಾಸ್ತರಿಗೆ ಯಾವಾಗ ಕೊಟ್ರಿ?"

ರುಜುವಾತು

ಮಗು ಯಾರದ್ದೆಂದು ಹಿರಿಯರು ಒಪ್ಪಿದರು. ಫೋಟೋವನ್ನು ಮಾತ್ರ ಒಪ್ಪಲಿಲ್ಲ. "ಕಣ್ಣಾರೆ ಕಾಣ್ತಾ ಇದ್ದು. ಬೇರೆ ಬೇರೆ ನಿಂತವರು ಒಟ್ಟಿಗೆ ಬಪ್ಪುದು ಹೆಂಗೆ?" ನಾನು ಮನೆಗೆ ಓಡಿ ಕ್ಯಾಮೆರಾ ತಂದು ರೀಲು, ಕಿವಿ, ಬೆನ್ನ ಮೇಲಿನ ಅಂಕಿ ಕಾಣುವ ಕಿಂಡಿ ಎಲ್ಲ ತೋರಿಸಿದೆ. ಅಳು ಬರುವುದೊಂದು ಬಾಕಿ. ನನಗೆ ಕಾಣುತ್ತಿದ್ದದ್ದು ಕುಮಟೆಯ ಗಂಡು ಪಾಯಸ ಉಣ್ಣುವುದು.

"ನನ್ನ ಹೆಸರೂ ಹಾಳಾತಲ್ರಿ! ಈ ಯಜಮಾನರನ್ನ ಕುಂದರ್ಸಿ ಹಂಗ ಇನ್ನೊಂದು ತಗೀರಿ. ಖರೇ ಸುಳ್ಳು ಗೊತ್ತಾಗ್ಲಿ" ಎಂದರು ನರ್ಸಬಾಯಿ.

ಹೊಸ ರೀಲು ಹಾಕಿದೆ. ನರ್ಸಬಾಯಿ ಮಗುವನ್ನು ಎತ್ತಿ ಕುರ್ಚಿಯ ಪಕ್ಕ ನಿಂತರು, ಒತ್ತಿದೆ. ಅವರು ಒಳಗೆ ಹೋದ ಮೇಲೆ ಹಿರಿಯರು ಕೂತರು, ಕಿವಿ ತಿರುಪದೆ ಮತ್ತೆ ಒತ್ತಿದೆ. ಅವರಿಗೆ ನನ್ನ ಮೇಲೆ ನಂಬಿಕೆ ಎಷ್ಟಿತ್ತೆಂದರೆ, ರೀಲನ್ನು ನನ್ನ ಕೈಗೆ ಬಿಡದೆ ತಾವೇ ಒಯ್ದರು. ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಶಿರಸಿಯ ಸ್ಟುಡಿಯೋಕ್ಕೆ ಕೊಟ್ಟು, ಮನೆಯ ವಿಳಾಸ ಬರೆಸಿ, ಟಪಾಲಿನಲ್ಲಿ ಕಳಿಸಲು ಹೇಳಿಹೋದರಂತೆ.

ತೀರ್ಪು

ನಾಲ್ಕನೇ ಇಯತ್ತೆಗೆ ಗುಣಾಕಾರ ಹೇಳಿಕೊಡುತ್ತಿದ್ದೆ. ಬಾಗಿಲಲ್ಲಿ ಅದೇ ಹಿರಿಯರು. ಗಡ್ಡ ಬೆಳೆದಿದೆ, ಬಗಲಲ್ಲಿ ಬಟ್ಟೆಯ ಗಂಟು. ಬೋರ್ಡಿನ ಮೇಲೆ ಬರೆಯುತ್ತಿದ್ದ ಖಡು ಕೆಳಗಿಟ್ಟೆ. ಸಂಬಂಧ ಮುರಿಯಿತು ಎಂದುಕೊಂಡೆ.

"ಫೋಟೋ ಬಂತು" ಎಂದರು. "ನೀ ಹೇಳಿದ ಹಾಂಗೇ ಬಂದಿದ್ದು. ಎಂತಾ ತಪ್ಪಿಲ್ಲೆ."

"ಹಾಗಾದರೆ ನಂಬಿದಿರಲ್ಲ?"

"ಆನು ನಂಬಿದೆ. ಟಪಾಲು ಬಂದ ದಿನ ಆನು ಮಾಗೋಡಿಗೆ ಹೋಗಿದ್ದೆ. ಎನ್ನ ಹೆಂಡತಿ ಲಕೋಟೆ ಒಡೆದು ನೋಡಿದ್ದು."

ನಾನು ಹುಡುಗರಿಗೆ ಮಗ್ಗಿ ಬರೆಯಲು ಹೇಳಿ ಹೊರಗೆ ಬಂದೆ.

"ಮದುವೆ ಮಾತು ಆಮೇಲೆ ಮಾರಾಯಾ. ಕ್ಯಾಮೆರಾ ತಗೊಂಡು ಹೊರಡು. ಮೊದಲು ಎನ್ನ ಸಂಸಾರ ಉಳಿಸು!"

ಯಲ್ಲಾಪುರದ ಮನೆಯ ಜಗುಲಿಯಲ್ಲಿ ಹುಡುಗಿಯ ತಾಯಿ ಫೋಟೋ ಹಿಡಿದು ಕೂತಿದ್ದರು. ಹಿರಿಯರು ಕಂಬದ ಹಿಂದೆ ನಿಂತರು. ನಾನು ಕ್ಯಾಮೆರಾದ ಬೆನ್ನು ಬಿಚ್ಚಿ, ಕಿವಿ ತಿರುಪಿ, ತಿರುಪದೆ, ಒಂದು ತಾಸು ಪಾಠ ಮಾಡಿದೆ. ಬೆವರು ಇಳಿದು ಅಂಗಿ ಒದ್ದೆಯಾಯಿತು. ಅವರು ತಲೆದೂಗುತ್ತ ಕೇಳಿದರು.

ಕೊನೆಗೆ, "ಎಲ್ಲಾ ಗೊತ್ತಾತು. ಶಿಶು ಗಂಡೋ ಹೆಣ್ಣೋ?" ಎಂದರು.

ಕಂಬದ ಹಿಂದಿನಿಂದ "ಅಯ್ಯೋ ರಾಮಾ" ಎಂದು ಕೇಳಿಸಿತು. ಒಳಬಾಗಿಲ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಮೂರನೇ ಸಲ ಪಾಯಸ ಕೇಳಿದಾಗ ನಕ್ಕ ಅದೇ ನಗು. ಅದನ್ನು ಕೇಳಿ ನನಗೆ ಕಣ್ಣು ತುಂಬಿಬಂತು, ನಾಚಿಕೆಯಾಗಿ ಕ್ಯಾಮೆರಾವನ್ನು ಒರೆಸುತ್ತ ಕೂತೆ.

ತಾಯಿಯ ಮುಖವೂ ಸಡಿಲವಾಯಿತು. "ಮಾಣಿ ಸುಳ್ಳು ಹೇಳುವ ಜಾತಿಯಲ್ಲ. ಕೂಸಿನ ಇವಂಗೇ ಕೊಡ್ವ" ಎಂದರು. ಹಿರಿಯರು ನಿಟ್ಟುಸಿರು ಬಿಟ್ಟು ಕಂಬದ ಈಚೆಗೆ ಬಂದರು. ಆಗ ಆ ತಾಯಿ ಸೆರಗು ಸರಿಮಾಡಿಕೊಂಡು, ಅಂಗಳದ ಬಿಸಿಲಿಗೆ ಕುರ್ಚಿ ಎಳೆದು, ನನ್ನ ಎದುರು ಗಟ್ಟಿಯಾಗಿ ಕೂತರು.

"ಎನ್ನದೂ ಒಂದು ಹಾಂಗೇ ತೆಗೆ ತಮಾ. ಬಗಲಲ್ಲಿ ಯಾರು ನಿಲ್ಲಬೇಕು ಹೇಳಿ ಆನು ಹೇಳ್ತೆ."